ಮೋಗ್ಲಿಂಗ್ ದಂಪತಿಗಳು

ಆನಂದಪುರವೆಂದರೆ ನಮ್ಮ ಸಾಗರ ಸೀಮೆಯವರಿಗೆ ಗೊತ್ತಿರುವುದು ಒಂದೇ ಊರು: ಶಿವಮೊಗ್ಗೆಯಿಂದ ತಾಳಗುಪ್ಪದ ಕಡೆಗೆ ಬರುವ ರೈಲು ನಿಲ್ಲುವ ಊರು. ಕೊಡಗಿನಲ್ಲಿಯೂ ಒಂದು ಆನಂದಪುರವುಂಟು. ಸಿದ್ದಾಪುರದ ಕಡೆಯ ಕಾಫಿ ತೋಟಗಳ ನಡುವೆ ಇರುವ ಚಿಕ್ಕ ಊರು ಅದು. ಅದನ್ನು ಕಟ್ಟಿಸಿದವರು ಕೊಡವರೂ ಅಲ್ಲ, ಕನ್ನಡಿಗರೂ ಅಲ್ಲ. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಿಂದ ಬಂದ ಹೆರ್ಮನ್ ಮೋಗ್ಲಿಂಗ್ ಎಂಬ ಪಾದ್ರಿಗಳು. ಈ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಬಾಯಿಪಾಠ. ಕನ್ನಡದ ಮೊದಲ ಪತ್ರಿಕೆ ಯಾವುದು, ಅದರ ಸಂಪಾದಕರು ಯಾರು ಎಂದು ಕೇಳಿದರೆ ‘ಮಂಗಳೂರ ಸಮಾಚಾರ, ಮೋಗ್ಲಿಂಗ್, 1843’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆದರೆ ಕೊಡಗಿನ ಆ ದಿನಗಳಲ್ಲಿ ಮೋಗ್ಲಿಂಗರು ಒಂಟಿಯಾಗಿರಲಿಲ್ಲ. ಅವರೊಡನೆ ಪೌಲೀನಾ ಎಂಬ ಹೆಣ್ಣುಮಗಳಿದ್ದರು. ಆಕೆಯ ಹೆಸರು ಇದುವರೆಗೆ ನಾನು ನೋಡಿದ ಯಾವ ಪ್ರಶ್ನಪತ್ರಿಕೆಯಲ್ಲಿಯೂ ಬಂದಿಲ್ಲ. ಈ ದಂಪತಿಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನನ್ನ ಅಪೇಕ್ಷೆ.

ಮೊದಲು ಒಂದು ಮಾತನ್ನು ಸ್ಪಷ್ಟ ಮಾಡಿಬಿಡುತ್ತೇನೆ. ಬಾಸೆಲ್ ಮಿಷನ್ನಿನವರು ಸಮುದ್ರ ದಾಟಿ ಬಂದದ್ದು ಕನ್ನಡವನ್ನು ಉದ್ಧರಿಸುವುದಕ್ಕಲ್ಲ; ಮತಪ್ರಚಾರಕ್ಕೆ. ಅದನ್ನು ಅವರೂ ಮುಚ್ಚಿಡಲಿಲ್ಲ, ನಾವೂ ಮುಚ್ಚಿಡಬೇಕಾಗಿಲ್ಲ. ಆದರೆ ಪರಭಾಷೆಯಲ್ಲಿ ಒಬ್ಬನ ಮನಸ್ಸನ್ನು ಮುಟ್ಟಬೇಕಾದರೆ ಮೊದಲು ಆ ಭಾಷೆಯೇ ತನ್ನ ಮನಸ್ಸನ್ನು ಮುಟ್ಟಬೇಕಷ್ಟೆ. ಮೋಗ್ಲಿಂಗರಿಗೆ ಆದದ್ದು ಇದೇ. 1811ರಲ್ಲಿ ಹುಟ್ಟಿ, ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರ ಓದಿ, 1836ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ ಈ ನಾಡಿಗೆ ಬಂದರು. ಮಂಗಳೂರಿನಲ್ಲಿ ಕಲ್ಲಚ್ಚಿನ ಮೇಲೆ ಪತ್ರಿಕೆ ತೆಗೆದರು. ನಮ್ಮ ಗಾದೆಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. 1848ರಿಂದ 1853ರ ವರೆಗೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ ಮುಂತಾದುವನ್ನು ಹೊರತಂದರು. ಪಾದ್ರಿಗಳು ಹರಿಭಕ್ತಿಸಾರವನ್ನು ಅಚ್ಚು ಹಾಕಿಸುವುದೆಂದರೆ! ನಾನು ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ಈ ಸಂಗತಿಯನ್ನು ಮೊದಲು ಕೇಳಿ ನಂಬಿರಲಿಲ್ಲ. ಆ ಮಾಲೆಗೆ ಹಣ ಕೊಟ್ಟವರು ನೀಲಗಿರಿಯ ಕೇತಿಯಲ್ಲಿ ನೆಲಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬವರು. ಕೆಲಸಕ್ಕೆ ಹೆಗಲು ಕೊಟ್ಟವರು ಮೋಗ್ಲಿಂಗರ ಆಪ್ತಮಿತ್ರ ಗಾಟ್‌ಫ್ರೀಡ್ ವೈಗ್ಲೆ.

ಈ ವೈಗ್ಲೆಯವರ ಪತ್ನಿಯೇ ಪೌಲೀನಾ. ತೌರುಮನೆಯ ಹೆಸರು ಬಾಕ್‌ಮೈಸ್ಟರ್.

ಈಗ ಕೇಳುಗರು, ಅದರಲ್ಲಿಯೂ ತಾಯಂದಿರು, ಸ್ವಲ್ಪ ಗಮನವಿಟ್ಟು ಕೇಳಬೇಕು. ಬಾಸೆಲ್ ಮಿಷನ್ನಿನಲ್ಲಿ ಮದುವೆಗೂ ಕಟ್ಟಳೆಯಿತ್ತು. ಮಿಷನರಿಯಾಗಿ ಹೊರಟವನು ಬ್ರಹ್ಮಚಾರಿಯಾಗಿಯೇ ಹೊರಡಬೇಕು. ಪರದೇಶದಲ್ಲಿ ಕೆಲವು ವರ್ಷ ದುಡಿದು, ಭಾಷೆ ಕಲಿತು, ತಾನು ನಿಲ್ಲಬಲ್ಲೆನೆಂದು ತೋರಿಸಿದ ಮೇಲೆ ಬಾಸೆಲಿನ ಸಮಿತಿಗೆ ಮದುವೆಯ ಅನುಮತಿ ಬೇಡಿ ಬರೆಯಬೇಕು. ಸಮಿತಿ ಒಪ್ಪಿದರೆ ಸರಿ. ಅನೇಕ ವೇಳೆ ಹೆಣ್ಣನ್ನು ಹುಡುಕುವವರೂ ಸಮಿತಿಯವರೇ. ನಮ್ಮಲ್ಲಿ ಶಾಸ್ತ್ರಿಗಳು ಜಾತಕ ನೋಡಿದಂತೆ ಅಲ್ಲಿ ಹುಡುಗಿಯ ದೈವಭಕ್ತಿ, ದೇಹಾರೋಗ್ಯ, ಮನೆಗೆಲಸ ಇವುಗಳ ಬಗ್ಗೆ ಊರ ಪಾದ್ರಿಯಿಂದ ವರದಿ ತರಿಸುತ್ತಿದ್ದರು. ವರನ ಮುಖವನ್ನೇ ನೋಡದ ಎಷ್ಟೋ ಹೆಣ್ಣುಮಕ್ಕಳು ತೌರನ್ನು ಬಿಟ್ಟು ಹಡಗು ಹತ್ತಿದರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕದ ತುದಿಯನ್ನು ಸುತ್ತಿ ಬಂದರೆ ತಿಂಗಳುಗಟ್ಟಲೆ ಸಮುದ್ರವಾಸ. ದಡದಲ್ಲಿ ಕಾದು ನಿಂತವನನ್ನು ಮೊದಲ ಸಲ ನೋಡಿ, ಕೆಲವೇ ದಿನಗಳಲ್ಲಿ ಅವನ ಹೆಂಡತಿಯಾಗಬೇಕು. ಮಾರನೆಯ ದಿನದಿಂದ ಅರ್ಥವಾಗದ ಮಾತು, ಕಾಣದ ಅಡುಗೆ, ಎಂದೂ ಅನುಭವಿಸದ ಸೆಕೆ.

ನಮ್ಮ ಕಾರ್ಗಲ್ಲಿನಲ್ಲಿ ಶರಾವತಿ ಯೋಜನೆಯ ಕಾಲದ ಹಿರಿಯರು ಇದಕ್ಕೆ ಹೋಲುವ ಮಾತನ್ನು ಹೇಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯುವ ತನಕ ಎಲ್ಲೆಲ್ಲಿಂದಲೋ ಬಂದ ಕೆಲಸಗಾರರ ಹಿಂದೆ ಅವರ ಹೆಂಡಂದಿರೂ ಬಂದರು. ಕನ್ನಡದ ಒಂದಕ್ಷರ ತಿಳಿಯದೆ, ಮಳೆಗಾಲದಲ್ಲಿ ಒಲೆ ಹತ್ತದೆ, ಉಂಬಳಗಳ ಕಾಟ ತಾಳದೆ ಅತ್ತವರುಂಟು. ಆದರೆ ಅವರಿಗೆ ವರ್ಷಕ್ಕೊಮ್ಮೆಯಾದರೂ ತೌರಿಗೆ ಹೋಗುವ ಆಸೆಯಿತ್ತು. ಮಿಷನರಿಯ ಪತ್ನಿಗೆ ಅದೂ ಇರಲಿಲ್ಲ.

ಆಕೆಗೆ ಪ್ರತ್ಯೇಕ ಸಂಬಳವೂ ಇರಲಿಲ್ಲ, ಕೆಲಸ ಮಾತ್ರ ಇತ್ತು. ಮನೆಯೆಂದರೆ ಅರ್ಧ ವಸತಿಶಾಲೆ. ಶಾಲೆಯ ಹುಡುಗರ ಊಟ, ಬಟ್ಟೆ, ಜ್ವರ ಬಂದವರ ಗಂಜಿ, ಅನಾಥ ಹೆಣ್ಣುಮಕ್ಕಳಿಗೆ ಹೊಲಿಗೆ, ಅಕ್ಷರಾಭ್ಯಾಸ ಎಲ್ಲವೂ ಆಕೆಯ ಪಾಲಿಗೆ. ಗಂಡಸರು ಹೆಜ್ಜೆಯಿಡಲಾಗದ ನಡುಮನೆಗೆ ಹೋಗಿ ಹೆಂಗಸರೊಡನೆ ಮಾತನಾಡಬಲ್ಲವಳು ಆಕೆಯೊಬ್ಬಳೇ. ಹಾಗೆ ಮಾತನಾಡಲು ಪುಸ್ತಕದ ಕನ್ನಡ ಸಾಲದು. ಬಾವಿಕಟ್ಟೆಯ ಕನ್ನಡ ಬೇಕು.

ಎಲ್ಲಕ್ಕಿಂತ ಕಠಿನವಾದ ಕಟ್ಟಳೆ ಮಕ್ಕಳದು. ಇಲ್ಲಿ ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸು ಬರುತ್ತಲೇ ಯೂರೋಪಿಗೆ ಕಳುಹಿಸಬೇಕು. 1853ರಲ್ಲಿ ಬಾಸೆಲಿನಲ್ಲಿ ಅದಕ್ಕೆಂದೇ ಒಂದು ಮಕ್ಕಳ ಮನೆಯನ್ನು ತೆರೆದರು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಅದನ್ನು ಮತ್ತೆ ನೋಡುವುದು ಹತ್ತು ವರ್ಷದ ಮೇಲೆ. ಕೆಲವರಿಗೆ ಆ ಭಾಗ್ಯವೂ ಇಲ್ಲ. ಮೋಗ್ಲಿಂಗರ ಗೆಳೆಯ, ಮಲಯಾಳ ನಿಘಂಟುವಿನ ಕರ್ತೃ ಹೆರ್ಮನ್ ಗುಂಡರ್ಟರ ಮನೆಯ ಕಥೆ ಕೇಳಿ. ಅವರ ಪತ್ನಿ ಜೂಲಿ ತಲಚೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದವರು. ಅವರ ಮಗಳು ಮೇರಿ ಹುಟ್ಟಿದ್ದು 1842ರಲ್ಲಿ. ನಾಲ್ಕು ವರ್ಷದ ಆ ಕೂಸನ್ನು ಯೂರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಮರಳಿ ಬಂದರು. ಮಗಳು ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ಕನ್ಯೆಯಾಗಿ. ಬೇರೆಯವರ ಹೆಣ್ಣುಮಕ್ಕಳಿಗೆ ಓದು ಕಲಿಸುತ್ತಿದ್ದ ತಾಯಿಗೆ ತನ್ನ ಮಗಳು ಓದು ಕಲಿತದ್ದನ್ನು ನೋಡುವ ಯೋಗವಿರಲಿಲ್ಲ. ಈ ಮೇರಿಯ ಮಗನೇ ‘ಸಿದ್ಧಾರ್ಥ’ ಎಂಬ ಕಾದಂಬರಿ ಬರೆದ ಹೆರ್ಮನ್ ಹೆಸ್ಸೆ ಎಂದರೆ ನಮ್ಮಲ್ಲಿ ಹಲವರಿಗೆ ಪರಿಚಯ ಸಿಕ್ಕಂತಾಗುತ್ತದೆ.

ಇಂಥ ವ್ಯವಸ್ಥೆಯೊಳಗೆ ಪೌಲೀನಾ ಬಂದು ವೈಗ್ಲೆಯವರ ಮನೆ ತುಂಬಿದರು. ವೈಗ್ಲೆಯವರು ಬೈಬಲ್ಲಿನ ಕನ್ನಡ ಅನುವಾದವನ್ನು ತಿದ್ದುವ ಕಾರ್ಯದಲ್ಲಿ ದೇಹವನ್ನು ಸವೆಸಿದವರು. ಕನ್ನಡ ಭಾಷೆ, ಸಾಹಿತ್ಯ ಎಂಥವು ಎಂಬುದನ್ನು ಜರ್ಮನ್ ವಿದ್ವಾಂಸರಿಗೆ ಲೇಖನ ಬರೆದು ತಿಳಿಸಿದವರಲ್ಲಿ ಮೊದಲಿಗರು. 1855ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಪೌಲೀನಾ ಪರದೇಶದಲ್ಲಿ ನಾಲ್ಕು ಮಕ್ಕಳ ವಿಧವೆಯಾದರು.

ಮೋಗ್ಲಿಂಗರು ಆಗ ಕೊಡಗಿನಲ್ಲಿದ್ದರು. ಅವರು ಅಲ್ಲಿಗೆ ಹೋದದ್ದೂ ಒಂದು ಸ್ವಾರಸ್ಯ. ಸೋಮಯ್ಯ ಎಂಬ ಕೊಡಗಿನ ಸನ್ಯಾಸಿಯೊಬ್ಬನು ಮಂಗಳೂರಿಗೆ ಬಂದು ಕ್ರೈಸ್ತನಾದ. 1853ರಲ್ಲಿ ಅವನು ತನ್ನ ನಾಡಿಗೆ ಹಿಂದಿರುಗುವಾಗ ಅವನ ಬೆಂಬಲಕ್ಕೆಂದು ಮೋಗ್ಲಿಂಗರೂ ಹೊರಟರು. ಹೋದವರು ಅಲ್ಲಿಯೇ ಬೇರೂರಿದರು. ಎರಡೇ ವರ್ಷದಲ್ಲಿ ಕೊಡಗಿನ ಜನ, ಚರಿತ್ರೆಗಳ ಮೇಲೆ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯರ್ಸ್’ ಎಂಬ ಪುಸ್ತಕವನ್ನೇ ಬರೆದರು. ವಯಸ್ಸು ನಲವತ್ತು ದಾಟಿತ್ತು, ಅದುವರೆಗೂ ಬ್ರಹ್ಮಚಾರಿ. ಮಿತ್ರನ ವಿಧವೆಯನ್ನು ಅವರು ಕೈಹಿಡಿದರು, ನಾಲ್ಕು ಮಕ್ಕಳಿಗೆ ತಂದೆಯಾದರು. ಹೆಂಡತಿಯಿಲ್ಲದೆ ಎರಡು ದಶಕ ಮಠದಂತೆ ಬಾಳಿದ ಮನೆಗೆ ಒಮ್ಮೆಗೇ ತುಂಬಿದ ಸಂಸಾರ ಬಂದು ಇಳಿಯಿತು. ಯೌವನದ ಮೋಹವೆಂದು ಇದನ್ನು ಯಾರೂ ಹೇಳಲಾರರು. ವೈಗ್ಲೆಯವರ ಸ್ನೇಹದ ಋಣ, ಆಕೆಯ ನಿರಾಧಾರ ಸ್ಥಿತಿ, ಇಬ್ಬರಿಗೂ ಒಂದೇ ಆದ ಕೆಲಸ ಇವೆಲ್ಲ ಸೇರಿ ಆದ ಮದುವೆಯೆಂದು ನನ್ನ ಊಹೆ. ಗಂಡನೊಡನೆ ಮಾತು ಹೊಸದಾಗಿ ಕಲಿಯಬೇಕಾಗಿರಲಿಲ್ಲ, ದೇಶ ಹೊಸದಲ್ಲ, ದುಃಖವೂ ಹೊಸದಲ್ಲ.

ಕೊಡಗಿನಲ್ಲಿ ಆಗ ಹೊಲೆಯರ ಸ್ಥಿತಿ ಜೀತದಾಳಿನದು. ಗದ್ದೆಯೊಡನೆ ಆಳೂ ಒಡೆಯನ ಸೊತ್ತು ಎಂಬ ರೂಢಿ ಅಲ್ಲಿ ತಲೆತಲಾಂತರದಿಂದ ಬಂದದ್ದು. ಕಾಯಿದೆ ಗುಲಾಮಗಿರಿಯನ್ನು ತೆಗೆದುಹಾಕಿದ ಮಾತ್ರಕ್ಕೆ ಅವರ ಪಾಲಿಗೆ ನೆಲ ಬರಲಿಲ್ಲ. ಕ್ರೈಸ್ತರಾದವರಿಗೆ ನೆಲೆಯಾಗಲೆಂದು ಕಾಡು ಕಡಿಸಿ, ಕಾಫಿ ಗಿಡ ಹಾಕಿಸಿ, ಮನೆ ಕಟ್ಟಿಸಿದ ಊರೇ ಆನಂದಪುರ. ಹೆಸರು ಆನಂದವಾದರೂ ಬಾಳು ಸುಲಭವಾಗಿರಲಿಲ್ಲ. ಮಲೆನಾಡಿನ ಮಳೆ, ಚಳಿಜ್ವರ ಎಂಥವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಷ್ಟೆ. ನೆಲಕ್ಕಾಗಿ ಮತಕ್ಕೆ ಬಂದವರೆಷ್ಟು, ಮತಕ್ಕಾಗಿ ಬಂದವರೆಷ್ಟು ಎಂದು ಲೆಕ್ಕ ಕೇಳುವವರು ಆಗಲೂ ಇದ್ದರು. ಕೇಳತಕ್ಕ ಪ್ರಶ್ನೆಯೇ. ಆದರೆ ತಲೆಯ ಮೇಲೆ ತನ್ನದೆನ್ನುವ ಒಂದು ಸೂರನ್ನು ಮೊದಲ ಬಾರಿಗೆ ಕಂಡವನು ಆ ಲೆಕ್ಕವನ್ನು ಬೇರೆ ರೀತಿ ಹಾಕಿಯಾನು.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕೆ ಸಂದ ಮರ್ಯಾದೆ. ಮನೆಯಲ್ಲಿ ಪೌಲೀನಾರ ಆರೋಗ್ಯ ಕುಸಿಯುತ್ತ ಬಂದಿತ್ತು. 1860ರಲ್ಲಿ ಆಕೆಯ ಕಾಯಿಲೆಯಿಂದಾಗಿಯೇ ಸಂಸಾರ ಜರ್ಮನಿಗೆ ಹೊರಟಿತು. ಇಪ್ಪತ್ತನಾಲ್ಕು ವರ್ಷ ಈ ನೆಲದಲ್ಲಿದ್ದ ಮೋಗ್ಲಿಂಗರು ಮತ್ತೆ ಇತ್ತ ಬರಲಿಲ್ಲ. ಕನ್ನಡಕ್ಕೆ ಇನ್ನೂ ಎಷ್ಟೋ ಮಾಡಬಹುದಾಗಿದ್ದವರು ಹೆಂಡತಿಗಾಗಿ ಬಿಟ್ಟುಹೋದರಲ್ಲ ಎಂದು ಒಬ್ಬ ವಿದ್ವಾಂಸರು ನನ್ನೊಡನೆ ಪೇಚಾಡಿದ್ದುಂಟು. ನನಗೆ ಆ ಮಾತು ಸರಿಬೀಳಲಿಲ್ಲ. ಎರಡು ಮನೆಗಳನ್ನು ಈ ಮಣ್ಣಿನಲ್ಲಿ ನಡೆಸಿದ ಆ ತಾಯಿಗೆ ಗಂಡನಾದವನು ಅಷ್ಟು ಮಾಡಿದ್ದು ಹೆಚ್ಚೇ?

ಅವರು ಹೋದ ಮೇಲೆ ಆನಂದಪುರ ಇನ್ನೊಂದು ದಂಪತಿಗಳ ಪಾಲಿಗೆ ಬಂದಿತು. ಅವರ ಕಥೆ ಇನ್ನೂ ವಿಚಿತ್ರ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದಾಗ ಊರಿಗೆ ಊರೇ ಅಲ್ಲೋಲಕಲ್ಲೋಲವಾಯಿತು. ಬಾಲ್ಯದಲ್ಲಿಯೇ ಕೈಹಿಡಿದ ಲಕ್ಷ್ಮಿ ಎಂಬಾಕೆ ಅವರೊಡನೆ ಬರಲೊಲ್ಲದೆ ಹೋದಳು. ಆಕೆಯ ನಷ್ಟವನ್ನೂ ಈ ಚರಿತ್ರೆಯಲ್ಲಿ ಬರೆಯತಕ್ಕದ್ದು, ಸಾಮಾನ್ಯವಾಗಿ ಬರೆಯುವುದಿಲ್ಲ. ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ, ಓದಿ, ಮಿಷನರಿಯಾಗಿ ಹಿಂದಿರುಗಿದ ಕೌಂಡಿನ್ಯರನ್ನು 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆ ವರಿಸಿದರು. ಬಿಳಿಯರು ಬಿಳಿಯರಾಗಿಯೇ ಕೂತುಣ್ಣುತ್ತಿದ್ದ ಆ ಕಾಲದಲ್ಲಿ ಒಬ್ಬಳು ಹುಡುಗಿ ಭಾರತೀಯನಿಗಾಗಿ ಸಮುದ್ರ ದಾಟಿ ಬರಲು ಒಪ್ಪಿದ್ದು ಸಣ್ಣ ಮಾತಲ್ಲ. 1893ರಲ್ಲಿ ಕೌಂಡಿನ್ಯರು ತೀರಿಕೊಳ್ಳುವವರೆಗೆ ಮೂವತ್ತಕ್ಕೂ ಮಿಕ್ಕಿದ ವರ್ಷ ಆ ದಾಂಪತ್ಯ ನಡೆಯಿತು.

ನಿಘಂಟುವಿನ ಕಿಟ್ಟೆಲ್ಲರ ಮನೆಯಲ್ಲಿಯೂ ಹೀಗೆಯೇ. 1860ರಲ್ಲಿ ಕೈಹಿಡಿದ ಹೆಂಡತಿ (ಆಕೆಯ ಹೆಸರೂ ಪೌಲೀನಾ) ನಾಲ್ಕೇ ವರ್ಷದಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿ, ಅಕ್ಕನನ್ನು ಕಳೆದುಕೊಂಡ ಅದೇ ಸಂಸಾರಕ್ಕೆ ಕಾಲಿಟ್ಟರು.

ಮೋಗ್ಲಿಂಗರು ಜರ್ಮನಿಯಲ್ಲಿ ಸುಮ್ಮನೆ ಕೂಡಲಿಲ್ಲ. ಕನ್ನಡದ ಪದಗಳನ್ನು ಜರ್ಮನಿಗೆ ತಿರುಗಿಸಿದರು. 1866ರಲ್ಲಿ ಕೊಡಗಿನ ಮೇಲೆ ಜರ್ಮನಿನಲ್ಲಿ ಒಂದು ಪುಸ್ತಕ ಬಂದಿತು. ಕಿಟ್ಟೆಲ್ಲರ ನಿಘಂಟುವಿಗೆ ನೆರವು ದೊರಕಿಸಲು ಓಡಾಡಿದರು. 1881ರಲ್ಲಿ ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು. ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1894ರಲ್ಲಿ. ಅದನ್ನು ಅವರು ಕಾಣಲಿಲ್ಲ. ಮರುವರ್ಷವೇ, 1882ರಲ್ಲಿ, ಹಳೆಯ ಗೆಳೆಯ ಗುಂಡರ್ಟರು ಅವರ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಒಬ್ಬ ಮಿಷನರಿಯ ಬಾಳು ಎಂಬ ಅರ್ಥ ಬರುವ ಆ ಪುಸ್ತಕದ ಮುಖಪುಟದಲ್ಲಿ ಇರುವುದು ಮೋಗ್ಲಿಂಗರ ಹೆಸರೊಂದೇ.