ಒಂಬತ್ತರ ಒರೆಗಲ್ಲು

ಸಂತೆಯಲ್ಲಿ ೪,೫೭೨ ತೆಂಗಿನಕಾಯಿಗಳ ರಾಶಿ ಬಿದ್ದಿದೆ ಎಂದಿಟ್ಟುಕೊಳ್ಳಿ. ಪಾಲುದಾರರು ಒಂಬತ್ತು ಮಂದಿ. ಒಂದು ಕಾಯಿಯೂ ಮಿಗದಂತೆ ಸಮಪಾಲು ಮಾಡಲು ಸಾಧ್ಯವೇ? ಒಬ್ಬ ಭಾಗಾಕಾರ ಮಾಡಲು ಕಾಗದ ಹುಡುಕುತ್ತಾನೆ. ಇನ್ನೊಬ್ಬ ನಾಲ್ಕು, ಐದು, ಏಳು, ಎರಡು ಎಂದು ಅಂಕಿಗಳನ್ನು ಕೂಡಿ ‘ಹದಿನೆಂಟು’ ಎನ್ನುತ್ತಾನೆ. ಹದಿನೆಂಟು ಒಂಬತ್ತರ ಮಗ್ಗಿಯಲ್ಲಿದೆ, ಆದುದರಿಂದ ಸಮಪಾಲಾಗುತ್ತದೆ ಎಂದು ತೀರ್ಮಾನ ಕೊಡುತ್ತಾನೆ. ತಲೆಗೆ ೫೦೮ ಕಾಯಿ ಬರುತ್ತದೆಂದು ಅವನಿಗಿನ್ನೂ ಗೊತ್ತಿಲ್ಲ. ಆದರೂ ಅವನ ತೀರ್ಮಾನ ಸರಿಯಾಗಿದೆ.

ಇದೇ ಭಾಜ್ಯತೆಯ ನಿಯಮ. ಕೊನೆಯ ಅಂಕಿ ಸಮಸಂಖ್ಯೆಯಾದರೆ ಎರಡರಿಂದ, ಸೊನ್ನೆ ಅಥವಾ ಐದಾದರೆ ಐದರಿಂದ, ಕೊನೆಯ ಎರಡು ಅಂಕಿಗಳ ಸಂಖ್ಯೆ ನಾಲ್ಕರಿಂದ ಭಾಗವಾದರೆ ಇಡೀ ಸಂಖ್ಯೆ ನಾಲ್ಕರಿಂದ ಭಾಗವಾಗುತ್ತದೆ ಎಂದು ಎಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಏಕೆ ಹಾಗೆ ಎಂದು ಕೇಳಿದವರು ಕಡಿಮೆ. ಕಾರಣ ತಿಳಿಯದೆ ನಿಯಮವನ್ನಷ್ಟೇ ಕಲಿತವನಿಗೆ ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿಯುವುದಿಲ್ಲ.

ಕಾರಣವೇನೂ ಕಠಿಣವಲ್ಲ. ಒಂದು ಸಾವಿರ ಕಾಯಿಗಳನ್ನು ಒಂಬತ್ತು ಮಂದಿಗೆ ಹಂಚಿದರೆ ೯೯೯ ಕಾಯಿ ಹಂಚಿಹೋಗಿ ಒಂದು ಉಳಿಯುತ್ತದೆ. ನೂರರಲ್ಲಿ ೯೯ ಹೋಗಿ ಒಂದು, ಹತ್ತರಲ್ಲಿ ಒಂಬತ್ತು ಹೋಗಿ ಒಂದು. ಹೀಗಾಗಿ ನಾಲ್ಕು ಸಾವಿರದಿಂದ ನಾಲ್ಕು, ಐದು ನೂರರಿಂದ ಐದು, ಏಳು ಹತ್ತುಗಳಿಂದ ಏಳು ಕಾಯಿ ಉಳಿದವು. ಬಿಡಿಕಾಯಿ ಎರಡು ಹೇಗೂ ಇವೆ. ಅಂಕಿಗಳನ್ನು ಕೂಡುವುದೆಂದರೆ ಹೀಗೆ ಉಳಿದ ಕಾಯಿಗಳನ್ನು ಒಂದೆಡೆ ಗುಡ್ಡೆ ಹಾಕುವುದು, ಅಷ್ಟೆ. ಬಿಡಿ, ಹತ್ತು, ನೂರು, ಸಾವಿರ ಎಂದು ಸ್ಥಾನಕ್ಕೆ ತಕ್ಕ ಬೆಲೆ ಕೊಟ್ಟು ಬರೆಯುವ ಪದ್ಧತಿಯಲ್ಲೇ ಈ ಗುಟ್ಟು ಅಡಗಿದೆ. ಭಾರತದಲ್ಲಿ ಬೆಳೆದ ಈ ಬರವಣಿಗೆ ಇಲ್ಲದಿದ್ದರೆ ಈ ಸುಲಭೋಪಾಯವೂ ಇರುತ್ತಿರಲಿಲ್ಲ.

ಅಂಕಿಗಳ ಈ ಸೊಗಸಿಗೆ ಕನ್ನಡ ನಾಡಿನ ನಂಟೂ ಉಂಟು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. ೮೫೦ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದ. ಅದರ ಗುಣಾಕಾರದ ಲೆಕ್ಕಗಳಲ್ಲಿ ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸುವುದೂ ಒಂದು. ಉತ್ತರ ೧೧೧೧೧೧೧೧೧. ಹಿಂದೆ ಮುಂದೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಇಂಥ ಗುಣಲಬ್ಧಗಳನ್ನು ಆತ ಕಂಠಾಭರಣಗಳಿಗೆ ಹೋಲಿಸಿದ್ದಾನೆ. ಒಂಬತ್ತು ಒಂದುಗಳನ್ನು ಕೂಡಿದರೆ ಒಂಬತ್ತೇ; ಆದುದರಿಂದ ಆ ಹಾರ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು.

ಒಂಬತ್ತು ಬರಿಯ ಸೊಗಸಿಗೆ ನಿಲ್ಲಲಿಲ್ಲ, ತಪ್ಪು ಹಿಡಿಯುವ ಕೆಲಸಕ್ಕೂ ಬಂತು. ಅಂದಿನ ಗಣಿತಜ್ಞರು ಧೂಳು ಹರಡಿದ ಹಲಗೆಯ ಮೇಲೆ ಲೆಕ್ಕ ಮಾಡುತ್ತಿದ್ದರು. ನಡುವಿನ ಅಂಕಿಗಳನ್ನು ಅಳಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಉತ್ತರವೊಂದೇ. ಎಲ್ಲಿ ಎಡವಿದೆವೆಂದು ಹಿಂತಿರುಗಿ ನೋಡಲು ದಾರಿಯಿಲ್ಲ. ಆದುದರಿಂದ ಉತ್ತರವನ್ನು ತಾಳೆ ನೋಡಲು ಬೇರೊಂದು ಉಪಾಯ ಬೇಕಾಗಿತ್ತು. ಹತ್ತನೇ ಶತಮಾನದ ಸುಮಾರಿನವನೆಂದು ಎಣಿಸಲಾಗುವ ಎರಡನೇ ಆರ್ಯಭಟನ ‘ಮಹಾಸಿದ್ಧಾಂತ’ದಲ್ಲಿ ಒಂಬತ್ತರಿಂದ ತಾಳೆ ನೋಡುವ ಕ್ರಮವಿದೆ. ೧೩೫೬ರಲ್ಲಿ ನಾರಾಯಣ ಪಂಡಿತ ತನ್ನ ‘ಗಣಿತಕೌಮುದಿ’ಯಲ್ಲಿ, ಒಂಬತ್ತೇ ಏಕೆ, ಇಷ್ಟವಾದ ಯಾವ ಭಾಜಕದಿಂದಲಾದರೂ ಹೀಗೆ ನೋಡಬಹುದೆಂದು ತೋರಿಸಿದ. ಅರಬ್ ಗಣಿತಜ್ಞರೂ ಈ ಕ್ರಮವನ್ನು ಬಲ್ಲವರಾಗಿದ್ದರು. ೧೨೦೨ರಲ್ಲಿ ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಅಂದರೆ ಫಿಬೊನಾಚಿ, ಭಾರತದ ಅಂಕಿಗಳನ್ನು ಯೂರೋಪಿನ ವರ್ತಕರಿಗೆ ವಿವರಿಸಿದ ಗ್ರಂಥದಲ್ಲೂ ಒಂಬತ್ತರ ತಾಳೆಯನ್ನು ಸೇರಿಸಿದ.

ಒಂದು ಲೆಕ್ಕ ನೋಡೋಣ. ೩೪೭ನ್ನು ೨೮ರಿಂದ ಗುಣಿಸಿದರೆ ೯,೭೧೬. ಮೂರು, ನಾಲ್ಕು, ಏಳು ಕೂಡಿದರೆ ಹದಿನಾಲ್ಕು. ಅದರ ಅಂಕಿಗಳನ್ನು ಮತ್ತೆ ಕೂಡಿದರೆ ಐದು. ಇಪ್ಪತ್ತೆಂಟರಿಂದ ಹತ್ತು, ಹತ್ತರಿಂದ ಒಂದು. ಐದನ್ನು ಒಂದರಿಂದ ಗುಣಿಸಿದರೆ ಐದು. ಉತ್ತರದ ಅಂಕಿಗಳ ಮೊತ್ತ ಇಪ್ಪತ್ತಮೂರು, ಅದರಿಂದಲೂ ಐದೇ. ತಾಳೆಯಾಯಿತು. ಕೈತಪ್ಪಿ ೯,೬೧೬ ಎಂದು ಬರೆದಿದ್ದರೆ ನಾಲ್ಕು ಬಂದು ತಪ್ಪು ಬಯಲಾಗುತ್ತಿತ್ತು.

ಆದರೆ ಗುಮಾಸ್ತನೊಬ್ಬ ಅವಸರದಲ್ಲಿ ೯,೧೭೬ ಎಂದು ಬರೆದನೆನ್ನಿ. ಅಂಕಿಗಳು ಅವೇ, ಎರಡು ಮಾತ್ರ ಸ್ಥಾನ ಬದಲಿಸಿವೆ. ಮೊತ್ತ ಮತ್ತೆ ಇಪ್ಪತ್ತಮೂರು. ಒಂಬತ್ತರ ಒರೆಗಲ್ಲು ಈ ಖೋಟಾ ಉತ್ತರವನ್ನೂ ಚೊಕ್ಕ ಚಿನ್ನವೆನ್ನುತ್ತದೆ! ಇಲ್ಲಿಯೇ ಎಚ್ಚರ ಬೇಕು. ತಾಳೆ ತಪ್ಪಿದರೆ ಲೆಕ್ಕ ಖಂಡಿತ ತಪ್ಪು. ತಾಳೆಯಾದರೆ ಲೆಕ್ಕ ಖಂಡಿತ ಸರಿಯೆಂದಲ್ಲ. ತಪ್ಪನ್ನು ತಪ್ಪೆನ್ನುವ ಅಧಿಕಾರ ಒಂಬತ್ತಕ್ಕುಂಟು, ಸರಿಯೆಂದು ಮುದ್ರೆ ಒತ್ತುವ ಅಧಿಕಾರವಿಲ್ಲ.

ಕಾರಣ ಬಲ್ಲವರು ಈ ಕೊರತೆಯನ್ನೇ ಉಪಕರಣ ಮಾಡಿಕೊಂಡರು. ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ೯,೭೧೬ ಮತ್ತು ೯,೧೭೬ರ ನಡುವಿನ ಅಂತರ ೫೪೦, ಅಂದರೆ ಒಂಬತ್ತರ ಅರವತ್ತು ಪಟ್ಟು. ಜಮೆ ಖರ್ಚು ಹೊಂದದಿದ್ದಾಗ ನುರಿತ ಲೆಕ್ಕಿಗರು ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡುವುದು ಇದಕ್ಕೇ. ಭಾಗವಾದರೆ, ಎಲ್ಲೋ ಅಂಕಿ ಹಿಂದುಮುಂದಾಗಿರಬೇಕೆಂಬ ಗುಮಾನಿ.

ಒಂಬತ್ತು ಕಾಣದ್ದನ್ನು ಹನ್ನೊಂದು ಕಾಣುತ್ತದೆ. ಹನ್ನೊಂದಕ್ಕೆ ಹೋಲಿಸಿದರೆ ಹತ್ತು ಒಂದು ಕಡಿಮೆ, ನೂರು ತೊಂಬತ್ತೊಂಬತ್ತಕ್ಕಿಂತ ಒಂದು ಹೆಚ್ಚು, ಸಾವಿರ ಸಾವಿರದೊಂದಕ್ಕಿಂತ ಒಂದು ಕಡಿಮೆ. ಆದುದರಿಂದ ಬಲದಿಂದ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡುತ್ತ, ಕಳೆಯುತ್ತ ಹೋಗಬೇಕು. ಸ್ಥಾನ ಬದಲಾದರೆ ಕೂಡುವ ಅಂಕಿ ಕಳೆಯುವ ಕಡೆಗೆ ಹೋಗುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ೯,೭೧೬ಕ್ಕೆ ಹೀಗೆ ಮಾಡಿದರೆ ಶೇಷ ಮೂರು, ೯,೧೭೬ಕ್ಕೆ ಎರಡು. ಏಳಕ್ಕೂ ದಾರಿಯುಂಟು. ೭, ೧೧, ೧೩ ಇವುಗಳ ಗುಣಲಬ್ಧ ೧,೦೦೧. ಅದರಿಂದಾಗಿ ೨೩೭೨೩೭ರಂತೆ ಮೂರಂಕಿಯನ್ನು ಎರಡು ಸಲ ಬರೆದ ಸಂಖ್ಯೆ ಯಾವುದಾದರೂ ಈ ಮೂರರಿಂದಲೂ ಭಾಗವಾಗುತ್ತದೆ.

ಫ್ರಾನ್ಸಿನ ಪಾಸ್ಕಲ್ ಯಾವ ಭಾಜಕಕ್ಕಾದರೂ ಇಂಥ ನಿಯಮ ಕಟ್ಟುವ ಕ್ರಮವನ್ನು ವಿವರಿಸಿದ. ಅದು ಅವನು ತೀರಿಕೊಂಡ ಮೇಲೆ ೧೬೬೫ರಲ್ಲಿ ಅಚ್ಚಾಯಿತು. ೧೮೦೧ರಲ್ಲಿ ಜರ್ಮನಿಯ ಗಾಸ್ ಶೇಷಗಳ ಲೆಕ್ಕಾಚಾರಕ್ಕೇ ಒಂದು ಶಾಸ್ತ್ರದ ರೂಪ ಕೊಟ್ಟ.

ಗಣಕಯಂತ್ರ ಬಂದ ಮೇಲೆ ಇದೆಲ್ಲ ಏತಕ್ಕೆ ಎನ್ನಬಹುದು. ಯಂತ್ರ ಲೆಕ್ಕ ತಪ್ಪುವುದು ಅಪರೂಪ. ಅದಕ್ಕೆ ಅಂಕಿ ಒತ್ತುವ ಬೆರಳು ತಪ್ಪುತ್ತದೆ. ಪುಸ್ತಕಗಳ ಬೆನ್ನಮೇಲಿದ್ದ ಹತ್ತಂಕಿಯ ಐ.ಎಸ್.ಬಿ.ಎನ್. ಹನ್ನೊಂದರ ಭಾಜ್ಯತೆಯನ್ನೇ ನಂಬಿತ್ತು. ೨೦೦೭ರಿಂದ ಬಂದ ಹದಿಮೂರಂಕಿಯ ಕ್ರಮ ಹತ್ತರ ಭಾಜ್ಯತೆಯನ್ನು ಬಳಸುತ್ತದೆ. ಆದರೆ ಐದರ ಅಂತರವಿರುವ ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಅದಕ್ಕೆ ತಿಳಿಯದು. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಕಾವಲಿನದೇ. ಅಲ್ಲಿ ಬಳಸುವುದು ಸರಳ ಭಾಜ್ಯತೆಗಿಂತ ಮುಂದಿನ, ನೆದರ್ಲೆಂಡ್ಸಿನ ವೆರ್ಹೂಫ್ ೧೯೬೯ರಲ್ಲಿ ಪ್ರಕಟಿಸಿದ ಕ್ರಮ. ಒಂದಂಕಿ ತಪ್ಪಾದರೂ, ಪಕ್ಕದ ಎರಡು ಅದಲುಬದಲಾದರೂ ಅದು ಹಿಡಿಯುತ್ತದೆ.

ಅಲ್ಲಿಯೂ ಹಳೆಯ ಎಚ್ಚರ ಹಾಗೆಯೇ ಉಳಿಯುತ್ತದೆ. ಸಂಖ್ಯೆ ಒರೆಗೆ ನಿಂತಿತು ಎಂದರೆ ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪು ಆಗಿಲ್ಲವೆಂದಷ್ಟೇ ಅರ್ಥ; ಅದು ಸಂಬಂಧಪಟ್ಟ ವ್ಯಕ್ತಿಯದೇ ಎಂದಲ್ಲ. ಮಕ್ಕಳಿಗೆ ಭಾಜ್ಯತೆಯ ನಿಯಮ ಹೇಳಿಕೊಡುವಾಗ ತೆಂಗಿನಕಾಯಿಯ ಕಾರಣವನ್ನೂ, ಗುಮಾಸ್ತನ ತಪ್ಪನ್ನೂ ಜೊತೆಗೆ ಹೇಳಿಕೊಟ್ಟರೆ ಒಳ್ಳೆಯದು. ಯಾವ ಒರೆಗಲ್ಲನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಆಗ ಅವರಿಗೇ ತಿಳಿಯುತ್ತದೆ.