ನಾಸಾಭಿತ್ತಿಯ ವಕ್ರತೆಯೂ ಅದರ ಶಸ್ತ್ರಚಿಕಿತ್ಸೆಯೂ



ಉಸಿರಾಟವು ಸುಗಮವಾಗಿರುವವರೆಗೆ ಮನುಷ್ಯನಿಗೆ ಅದರ ಸ್ಮರಣೆಯೇ ಬಾರದು. ಮೂಗು ಕಟ್ಟಿದಾಗಲೇ ಅದರ ಬೆಲೆಯು ತಿಳಿಯುವದು. ಎರಡು ಹೊಳ್ಳೆಗಳ ನಡುವಣ ಗೋಡೆಗೆ ನಾಸಾಭಿತ್ತಿಯೆಂದು ಹೆಸರು. ಅದರ ಮುಂಭಾಗವು ಮೃದುವಾದ ಎಲುಬಿನಿಂದಲೂ ಹಿಂಭಾಗವು ಗಟ್ಟಿಯಾದ ತೆಳು ಎಲುಬಿನಿಂದಲೂ ಆಗಿರುವದು. ಇಕ್ಕೆಲಗಳಲ್ಲಿ ಹೊದ್ದಿರುವ ತೇವದ ಪೊರೆಯೇ ಮೃದುವಾದ ಎಲುಬಿಗೆ ಪೋಷಣೆಯನ್ನೀಯುವದು. ಈ ಗೋಡೆಯಲ್ಲಿ ಕೊಂಚ ಡೊಂಕು ಬಹುಜನರಿಗೆ ಉಂಟು. ಅದು ಬಾಧಿಸದಿದ್ದಲ್ಲಿ ಶಸ್ತ್ರಕ್ಕೆ ಕಾರಣವಿಲ್ಲ. ಬಾಧಿಸಿದಲ್ಲಿ ಯಾವ ವಿಧಾನವು ಲೇಸೆಂಬುದು ವಿಚಾರಣೀಯವು.

19ನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಬಾಸ್ವರ್ತ್ ಎಂಬ ವೈದ್ಯನು ಉಬ್ಬಿದ ಭಾಗವನ್ನು ಪೊರೆಸಹಿತ ಗರಗಸದಿಂದ ಕೊಯ್ದು ತೆಗೆಯುತ್ತಿದ್ದನು. ಹಾದಿಯೇನೋ ತೆರೆಯುತ್ತಿತ್ತು; ಆದರೆ ಪೊರೆಯು ನಾಶವಾಗುತ್ತಿತ್ತು. ಅನಂತರ 1902ರಲ್ಲಿ ಶಿಕಾಗೋದ ಫ್ರೀರನೂ 1904ರಲ್ಲಿ ಜರ್ಮನಿಯ ಕಿಲಿಯನ್ನನೂ ಪೊರೆಯನ್ನು ಎತ್ತಿ ಹಿಡಿದು, ಅದರ ಒಳಗಿನ ಡೊಂಕು ಎಲುಬನ್ನು ಮಾತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಮೂಗಿನ ಬೆನ್ನು ಕುಸಿಯದಂತೆ ಮೇಲೆಯೂ ಮುಂದೆಯೂ ಸುಮಾರು 1 ಸೆಂಟಿಮೀಟರಿನಷ್ಟು ಅಗಲದ ಪಟ್ಟಿಯನ್ನು ಉಳಿಸತಕ್ಕದ್ದೆಂದು ಈ ಕ್ರಮದಲ್ಲಿ ನಿಯಮವಾಯಿತು.

ಈ ಕ್ರಮವು ದೀರ್ಘಕಾಲ ಬಳಕೆಯಲ್ಲಿದ್ದರೂ ಅದರಲ್ಲಿ ಕೆಲವು ಕೊರತೆಗಳಿದ್ದುವು. ಆಧಾರಕ್ಕೆಂದು ಬಿಟ್ಟ ಪಟ್ಟಿಯಲ್ಲಿಯೇ ಡೊಂಕು ಇದ್ದರೆ ಅದನ್ನು ಮುಟ್ಟುವಂತಿರಲಿಲ್ಲ. ಎಲುಬನ್ನು ಹೆಚ್ಚಾಗಿ ತೆಗೆದಲ್ಲಿ ಗೋಡೆಯು ಸಡಿಲಾಗುತ್ತಿತ್ತು. ಎರಡೂ ಪೊರೆಗಳು ಒಂದೇ ಎಡೆಯಲ್ಲಿ ಹರಿದರೆ ರಂಧ್ರವಾಗುತ್ತಿತ್ತು. ಪಟ್ಟಿಯು ತೀರ ಕಿರಿದಾದರೆ ಮೂಗಿನ ಬೆನ್ನು ಜೀನಿನಂತೆ ತಗ್ಗುತ್ತಿತ್ತು.

ಇದನ್ನು ಕಂಡು ಮೆಟ್ಜೆನ್‌ಬಾಮ್ ಎಂಬವನು 1929ರಲ್ಲಿ ಮುಂಭಾಗದ ಡೊಂಕನ್ನು ಕೊಯ್ದೆಸೆಯದೆ, ಕದವನ್ನು ತಿರುಗಿಸಿದಂತೆ ಮಧ್ಯಕ್ಕೆ ತರುವ ಉಪಾಯವನ್ನು ತಿಳಿಸಿದನು. 1940ರ ದಶಕದಿಂದ ಕಾಟಲ್ ಮೊದಲಾದವರು ಇದೇ ಸಂರಕ್ಷಣೆಯ ಮಾರ್ಗವನ್ನು ಬೆಳೆಸಿದರು. ಸೆಪ್ಟೋಪ್ಲಾಸ್ಟಿಯೆಂಬ ಈ ವಿಧಾನದಲ್ಲಿ ಮೃದುವಾದ ಎಲುಬನ್ನು ಬಿಡಿಸಿ ನೆಟ್ಟಗೆ ಮಾಡಿ, ಅನಿವಾರ್ಯವಾದಷ್ಟನ್ನು ಮಾತ್ರ ತೆಗೆದು, ಉಳಿದುದನ್ನು ಸ್ವಸ್ಥಾನದಲ್ಲಿ ನಿಲ್ಲಿಸುವರು. ಕೆಲಸವು ನಿಧಾನವಾದುದು, ಮೃದುವಾದ ಎಲುಬು ಮತ್ತೆ ಬಾಗುವ ಸಂಭವವೂ ಉಂಟು. ಆದರೂ ಮುಂಭಾಗದ ಡೊಂಕಿಗೆ ಇದೇ ಯೋಗ್ಯವು.

1991ರಲ್ಲಿ ಎಂಡೋಸ್ಕೋಪಿನ ಸಹಾಯದ ವಿಧಾನವು ಪ್ರಕಟವಾಯಿತು. ಹಿಂಭಾಗದ ಒಂದೇ ಮುಳ್ಳಿನಂತಹ ಉಬ್ಬನ್ನು ಚಿಕ್ಕ ಕೊಯ್ತದಿಂದಲೇ ತೆಗೆಯಲು ಇದು ಅನುಕೂಲವು. ಆದರೆ ಮುಂದಂಚಿನ ಡೊಂಕಿಗೆ ಸಾಲದು. ಹೀಗೆ ಡೊಂಕಿನ ಸ್ಥಾನವೇ ವಿಧಾನವನ್ನು ನಿರ್ಣಯಿಸುವದು.

ಶಸ್ತ್ರದಿಂದ ನಿಜವಾದ ಪ್ರಯೋಜನವಿದೆಯೋ ಎಂಬ ಸಂದೇಹವೂ ಬಹುಕಾಲ ಇತ್ತು. ಬ್ರಿಟನ್ನಿನಲ್ಲಿ 378 ಮಂದಿ ವಯಸ್ಕರನ್ನು ಕುರಿತು ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 6 ತಿಂಗಳ ತರುವಾಯ, ಮೂಗಿಗೆ ಸಿಂಪಡಿಸುವ ಔಷಧಿಯನ್ನು ಪಡೆದವರಿಗಿಂತ ಸೆಪ್ಟೋಪ್ಲಾಸ್ಟಿಯನ್ನು ಮಾಡಿಸಿಕೊಂಡವರಿಗೆ ಹೆಚ್ಚಿನ ಉಪಶಮನವು ಕಂಡುಬಂದಿತು. ಆದರೂ ಒಗ್ಗದಿಕೆಯಿಂದ ಮೂಗಿನೊಳಗಿನ ಪೊರೆಯು ಬಾತುಕೊಂಡಿದ್ದರೆ ಗೋಡೆಯನ್ನು ನೆಟ್ಟಗೆ ಮಾಡಿದ ಮಾತ್ರಕ್ಕೆ ಅದು ಶಮನವಾಗದು. ಕಾರಣದ ನಿರ್ಣಯವೇ ಮೊದಲಾಗಬೇಕು. ಶಸ್ತ್ರದ ಅನಂತರ ಗೋಡೆಯಲ್ಲಿ ರಕ್ತವು ಹೆಪ್ಪುಗಟ್ಟಿ ಎರಡೂ ಹೊಳ್ಳೆಗಳು ಮುಚ್ಚಿಕೊಂಡು ನೋವು ಹೆಚ್ಚಿದರೆ ತಡಮಾಡದೆ ವೈದ್ಯನನ್ನು ಕಾಣತಕ್ಕದ್ದು. ಅಲಕ್ಷಿಸಿದಲ್ಲಿ ಮೃದುವಾದ ಎಲುಬು ಪೋಷಣೆಯಿಲ್ಲದೆ ಸಾಯುವದು.

ಒಟ್ಟಿನಲ್ಲಿ, ಮೊದಲಿನವರು ಎಷ್ಟನ್ನು ತೆಗೆಯಬಹುದೆಂದು ಯೋಚಿಸಿದರು. ತರುವಾಯದವರು ಎಷ್ಟನ್ನು ಉಳಿಸಬಹುದೆಂದು ಯೋಚಿಸಿದರು. ಈ ವಿದ್ಯೆಯು ನೂರಿಪ್ಪತ್ತು ವರ್ಷಗಳಲ್ಲಿ ನಡೆದ ದಾರಿಯು ಇದೇ. ರೋಗಿಯೂ ಶಸ್ತ್ರಕ್ಕೆ ಒಪ್ಪುವ ಮೊದಲು ತನ್ನ ವೈದ್ಯನೊಡನೆ ಕೇಳತಕ್ಕ ಪ್ರಶ್ನೆಯು ಇದೇ.