ಮಂದಿರ ಹೋಯಿತು, ರಂಗ ಉಳಿಯಿತು



ಸರ್ಕಾರದ ಹಣದಲ್ಲಿ ನಡೆಯುವ ರಂಗಮಂದಿರದ ನಿರ್ದೇಶಕ ಯಾರಿಗೆ ನಿಷ್ಠನಾಗಿರಬೇಕು? ಹಣ ಕೊಡುವ ಸರ್ಕಾರಕ್ಕೋ, ಎದುರು ಕುಳಿತ ಜನರಿಗೋ? ಫ್ರಾನ್ಸಿನ ಹೆಸರಾಂತ ನಟ, ನಿರ್ದೇಶಕ ಝಾಂ ಲೂಯಿ ಬಾರೋ ಅವರಿಗೆ 1968ರಲ್ಲಿ ಈ ಪ್ರಶ್ನೆ ಎದುರಾಯಿತು. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ.

ಬಾರೋ ಹುಟ್ಟಿದ್ದು 1910ರಲ್ಲಿ, ಪ್ಯಾರಿಸ್ ಸಮೀಪದ ಊರೊಂದರಲ್ಲಿ. ಶಾರ್ಲ್ ದ್ಯುಲ್ಯಾಂ ಅವರ ‘ಅತೆಲಿಯೆ’ ರಂಗಶಾಲೆ ಸೇರಿದಾಗ ಕೈಯಲ್ಲಿ ಕಾಸಿರಲಿಲ್ಲ. ರಾತ್ರಿ ಮಲಗಲು ‘ವಾಲ್ಪೋನೆ’ ನಾಟಕಕ್ಕೆಂದು ವೇದಿಕೆಯ ಮೇಲಿರಿಸಿದ್ದ ಮಂಚವೇ ಗತಿ. ಅದೇ ನಾಟಕದ ಸಣ್ಣ ಪಾತ್ರವೊಂದಕ್ಕೆ 1931ರಲ್ಲಿ, ತಮ್ಮ 21ನೇ ಹುಟ್ಟುಹಬ್ಬದಂದು, ಅವರು ಮೊದಲ ಬಾರಿಗೆ ಬಣ್ಣ ಹಚ್ಚಿದರು. ಎತಿಯೆನ್ ದೆಕ್ರೂ ಅವರೊಡನೆ ಮೂಕಾಭಿನಯ ಕಲಿತದ್ದೂ ಅಲ್ಲಿಯೇ. 1935ರಲ್ಲಿ ಫಾಕ್ನರ್ ಕಾದಂಬರಿಯೊಂದನ್ನು ಆಧರಿಸಿದ ತಮ್ಮ ಪ್ರಯೋಗದಲ್ಲಿ ಅವರು ಕುದುರೆಯೂ ಆದರು, ಸವಾರನೂ ಆದರು. ಅದಕ್ಕೆ ಬಳಸಿದ್ದು ಬರಿಯ ಮೈಯನ್ನು.

ಈ ಕಲೆಯೇ ಅವರನ್ನು ತೆರೆಯ ಮೇಲೆ ಅಮರಗೊಳಿಸಿತು. 19ನೇ ಶತಮಾನದ ಮೂಕಾಭಿನಯ ಕಲಾವಿದ ದೆಬ್ಯುರೋ ಕುರಿತು ಚಿತ್ರ ಮಾಡಬಹುದೆಂದು ಮಾರ್ಸೆಲ್ ಕಾರ್ನೆ ಮತ್ತು ಝಾಕ್ ಪ್ರೆವೇರ್ ಅವರಿಗೆ ಸೂಚಿಸಿದವರೇ ಬಾರೋ. ಜರ್ಮನರ ಆಕ್ರಮಣದ ದಿನಗಳಲ್ಲಿ ಚಿತ್ರೀಕರಣಗೊಂಡು 1945ರಲ್ಲಿ ತೆರೆಕಂಡ ‘ಸ್ವರ್ಗದ ಮಕ್ಕಳು’ ಚಿತ್ರದಲ್ಲಿ ಆ ಪಾತ್ರ ಅವರದೇ. 1943ರಲ್ಲಿ ‘ಕೊಮೆದಿ ಫ್ರಾಂಸೇಸ್’ನಲ್ಲಿ ಕ್ಲೊದೆಲ್ ಅವರ ಬೃಹತ್ ನಾಟಕ ‘ರೇಷ್ಮೆಯ ಪಾದರಕ್ಷೆ’ಯನ್ನು ನಿರ್ದೇಶಿಸಿದ್ದರು. 1946ರಲ್ಲಿ ಆ ಸಂಸ್ಥೆ ತೊರೆದು, ನಟಿಯಾಗಿದ್ದ ಪತ್ನಿ ಮಾದಲೇನ್ ರೆನೋ ಅವರೊಡನೆ ಸ್ವಂತ ತಂಡ ಕಟ್ಟಿದರು.

1959ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರು ಪ್ಯಾರಿಸ್ಸಿನ ಓದೆಯೋಂ ರಂಗಮಂದಿರವನ್ನು ಬಾರೋ ಕೈಗೊಪ್ಪಿಸಿದರು. ಅಲ್ಜೀರಿಯಾ ಯುದ್ಧದ ಹಿನ್ನೆಲೆಯುಳ್ಳ ಝೆನೆ ಅವರ ‘ಪರದೆಗಳು’ 1966ರಲ್ಲಿ ಅಲ್ಲಿ ಪ್ರದರ್ಶನಗೊಂಡಾಗ ಬಲಪಂಥೀಯರು, ಮಾಜಿ ಸೈನಿಕರು ಗದ್ದಲ ಎಬ್ಬಿಸಿದರು. ಸಂಸತ್ತಿನಲ್ಲಿ ಎದ್ದುನಿಂತು ರಂಗಮಂದಿರದ ಸ್ವಾತಂತ್ರ್ಯವನ್ನು ಸಮರ್ಥಿಸಿಕೊಂಡವರು ಇದೇ ಮಾಲ್ರೋ.

ಎರಡೇ ವರ್ಷಗಳಲ್ಲಿ ಗಾಳಿ ತಿರುಗಿತು. 1968ರ ಮೇ ಮಧ್ಯಭಾಗದಲ್ಲಿ ಬಂಡೆದ್ದ ವಿದ್ಯಾರ್ಥಿಗಳು ಓದೆಯೋಂಗೆ ನುಗ್ಗಿದರು. ಅವರ ಕಣ್ಣಿಗೆ ಬಾರೋ ಸರ್ಕಾರದ ಮನುಷ್ಯ. ಬಾರೋ ವೇದಿಕೆಗೆ ಬಂದು, ತಾವಿನ್ನು ನಿರ್ದೇಶಕರಲ್ಲ, ಎಲ್ಲರಂತೆ ಒಬ್ಬ ನಟ ಮಾತ್ರ ಎಂಬರ್ಥದ ಮಾತಾಡಿದರು. ಅದು ವಿದ್ಯಾರ್ಥಿಗಳಿಗೆ ಸಾಲಲಿಲ್ಲ, ಸರ್ಕಾರಕ್ಕೆ ಅತಿಯಾಯಿತು. ಜೂನ್ 14ರಂದು ಪೊಲೀಸರು ಮಂದಿರ ತೆರವುಗೊಳಿಸುವ ಹೊತ್ತಿಗೆ ತಂಡದ ವೇಷಭೂಷಣಗಳು ಹಾಳಾಗಿದ್ದವು. ಅದೇ ವರ್ಷ ಮಾಲ್ರೋ ಅವರನ್ನು ಹುದ್ದೆಯಿಂದ ಇಳಿಸಿದರು.

58ರ ಹರೆಯದಲ್ಲಿ ಎರಡೂ ಕಡೆಯಿಂದ ಪೆಟ್ಟು ತಿಂದವರು ಮನೆ ಸೇರಬಹುದಿತ್ತು. ಬಾರೋ ಕುಸ್ತಿ ಪಂದ್ಯಗಳು ನಡೆಯುತ್ತಿದ್ದ ‘ಎಲಿಸೆ ಮೋಂಮಾರ್ತ್ರ್’ ಸಭಾಂಗಣ ಹಿಡಿದರು! ಡಿಸೆಂಬರಿನಲ್ಲಿ ಅಲ್ಲಿ ‘ರಾಬೆಲೆ’ ಪ್ರಯೋಗಿಸಿ ಭಾರಿ ಯಶಸ್ಸು ಕಂಡರು. ಮುಂದೆ ಓರ್ಸೆ ರೈಲು ನಿಲ್ದಾಣದ ಹಳೆಯ ಕಟ್ಟಡದೊಳಗೆ ಮರದ ರಂಗಮಂದಿರ ಎಬ್ಬಿಸಿದರು. ಆ ನಿಲ್ದಾಣವನ್ನು ವಸ್ತುಸಂಗ್ರಹಾಲಯ ಮಾಡುವ ತೀರ್ಮಾನವಾದಾಗ ಅದನ್ನು ಬಿಚ್ಚಿಕೊಂಡು, 1981ರಲ್ಲಿ ಹಿಂದೆ ಹಿಮಜಾರಾಟದ ಅಂಗಣವಾಗಿದ್ದ ರೋಂ ಪ್ವಾಂ ಕಟ್ಟಡಕ್ಕೆ ಹೋದರು.

ಬಾರೋ 1994ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರೆನೋ. ನಿಷ್ಠೆ ಯಾರಿಗೆ ಎಂಬ ಪ್ರಶ್ನೆಗೆ ಬಾರೋ ಭಾಷಣದಲ್ಲಿ ಉತ್ತರಿಸಲಿಲ್ಲ. ಓದೆಯೋಂ ಕೈತಪ್ಪಿದ ಕೆಲವೇ ತಿಂಗಳಲ್ಲಿ ಕುಸ್ತಿಯ ಅಂಗಣಕ್ಕೆ ಪ್ರೇಕ್ಷಕರನ್ನು ಕರೆದರು. ಜನ ಬಂದರು. ಉತ್ತರ ಅಲ್ಲಿತ್ತು.